ಕಾನ್ವೆಂಟು ಎಂದರೇನು? ಮಗುವನ್ನು ಹೈಸ್ಕೂಲಿಗೆ ಸೇರಿಸುವ ಮುನ್ನ ಎರಡು ಮಾತು



ಮುಂಗಾರು ಮುಖ ತೋರಿಸುವ ಹೊತ್ತಿಗೆ ನಿಮ್ಮ ಮನೆಗಳಿಗೆ ಎರಡು ಚಿಂತೆಗಳು ಒಟ್ಟಿಗೆ ಬರುತ್ತವೆ. ಒಂದು ಬಿತ್ತನೆ ಬೀಜದ್ದು, ಇನ್ನೊಂದು ಮಕ್ಕಳ ಶಾಲೆಯದು. ಬೀಜದ ವಿಷಯದಲ್ಲಿ ನೀವು ಹತ್ತು ಜನರನ್ನು ಕೇಳುತ್ತೀರಿ, ಚೀಲದ ಮೇಲಿನ ಚೀಟಿ ಓದಿಸುತ್ತೀರಿ, ಹಿಡಿ ಬೀಜವನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಎಣಿಸುತ್ತೀರಿ. ಶಾಲೆಯ ವಿಷಯದಲ್ಲಿ ಮಾತ್ರ ಬೋರ್ಡು ನೋಡಿ ಹಣ ಕಟ್ಟಿ ಬರುತ್ತೀರಿ. ಇದು ಸರಿಯೇ? ಈ ಸಂಚಿಕೆಯಲ್ಲಿ ಆ ಮಾತನ್ನೇ ವಿಚಾರ ಮಾಡೋಣ.

ಹೋದ ವರ್ಷ ಏಪ್ರಿಲ್ ಕೊನೆಯಲ್ಲಿ ನಮ್ಮ ಬ್ಲಾಕಿನ ಒಂದು ಹಳ್ಳಿಯ ರೈತರೊಬ್ಬರು ಸಂಜೆ ನನ್ನನ್ನು ಜಗಲಿಯ ಮೇಲೆ ಕೂರಿಸಿಕೊಂಡರು. ಅವರಿಗೆ ಎರಡೂವರೆ ಎಕರೆ ಜಮೀನು. ರಾಗಿ, ನೆಲಗಡಲೆ, ಮೂಲೆಯಲ್ಲಿ ಸ್ವಲ್ಪ ತರಕಾರಿ. ಮಗಳು ಊರಿನ ಸರ್ಕಾರಿ ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿದ್ದಳು.

"ಸ್ವಾಮಿ, ಮಗೀನ ಬೆಂಗಳೂರಲ್ಲಿ ಕಾನ್ವೆಂಟಿಗೆ ಹಾಕೋಣ ಅಂತಿದೀನಿ. ಹನುಮಂತನಗರದಾಗೆ ನನ್ನ ತಂಗಿ ಮನೆ ಐತೆ, ಇರೋಕೆ ತೊಂದರೆ ಇಲ್ಲ. ದುಡ್ಡಿಗೆ ಒಂದೆಕ್ರೆ ಭೋಗ್ಯಕ್ಕೆ ಬರ್ಕೊಡೋಣ ಅಂತ ಮಾತಾಡಿವ್ನಿ. ನೀವೇನಂತೀರಾ?"

"ಯಾವ ಕಾನ್ವೆಂಟು, ಯಜಮಾನರೇ?" ಎಂದು ಕೇಳಿದೆ.

"ಯಾವುದಾದ್ರೇನು? ಕಾನ್ವೆಂಟು ಅಂದ್ರೆ ಕಾನ್ವೆಂಟು ಅಲ್ವಾ?" ಎಂದರು.

ಈ ಒಂದು ಮಾತಿನಿಂದಲೇ ಈ ಲೇಖನ ಹುಟ್ಟಿತು.

ಹೆಸರಿನ ಅರ್ಥ

ಕಾನ್ವೆಂಟು ಎಂದರೆ ಶಾಲೆ ಅಲ್ಲ. ಕ್ರೈಸ್ತ ಸನ್ಯಾಸಿನಿಯರು ಒಟ್ಟಾಗಿ ವಾಸಿಸುವ ಮಠಕ್ಕೆ ಆ ಹೆಸರು. ಅವರನ್ನು ನಾವು ಸಿಸ್ಟರ್ ಎನ್ನುತ್ತೇವೆ. ಮದುವೆ, ಸಂಸಾರ, ಸ್ವಂತ ಆಸ್ತಿ ಬಿಟ್ಟು, ರೋಗಿಗಳ ಆರೈಕೆಯನ್ನೋ ಮಕ್ಕಳ ವಿದ್ಯಾಭ್ಯಾಸವನ್ನೋ ವ್ರತವಾಗಿ ಹಿಡಿದವರು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಮಕ್ಕಳಿಗೆ ಅನ್ನವೂ ಅಕ್ಷರವೂ ಸಿಕ್ಕಿದ ಸಂಗತಿ ನಿಮಗೆಲ್ಲ ಗೊತ್ತು. ಮಠವೊಂದು ಶಾಲೆ ನಡೆಸಿದರೆ ಜನ ಅದನ್ನು ಮಠದ ಶಾಲೆ ಎನ್ನುವಂತೆ, ಸಿಸ್ಟರುಗಳು ನಡೆಸಿದ ಶಾಲೆಯನ್ನು ಕಾನ್ವೆಂಟು ಶಾಲೆ ಎಂದರು. ಬರಬರುತ್ತಾ ಶಾಲೆ ಎಂಬ ಮಾತು ಬಿದ್ದುಹೋಗಿ ಕಾನ್ವೆಂಟು ಉಳಿಯಿತು.

ಬೆಂಗಳೂರಿಗೆ ಗುಡ್ ಶೆಫರ್ಡ್ ಸಿಸ್ಟರುಗಳು ಬಂದದ್ದು 1854ರಲ್ಲಿ. ಅವರು ಹುಡುಗಿಯರಿಗಾಗಿ ತೆರೆದ ಸೇಕ್ರೆಡ್ ಹಾರ್ಟ್ ಶಾಲೆ ಆ ಕಾಲದ್ದು. ಹುಡುಗರಿಗಾಗಿ ಫ್ರಾನ್ಸ್ ದೇಶದ ಪಾದ್ರಿಗಳು 1858ರಲ್ಲಿ ಸೇಂಟ್ ಜೋಸೆಫರ ಶಾಲೆಯನ್ನು ಆರಂಭಿಸಿದರು. 1937ರಲ್ಲಿ ಅದರ ಆಡಳಿತ ಯೇಸುಸಭೆಯ ಪಾದ್ರಿಗಳ ಕೈಗೆ ಬಂತು. ಇವರನ್ನೇ ಜೆಸುಯಿಟ್ಟರು ಎನ್ನುವುದು. ಇವು ಕಥೋಲಿಕ ಶಾಲೆಗಳು. ಬಿಷಪ್ ಕಾಟನ್ ಶಾಲೆ, ಬಾಸೆಲ್ ಮಿಷನ್ನಿನ ಶಾಲೆಗಳು ಕ್ರೈಸ್ತರವೇ ಆದರೂ ಪ್ರೊಟೆಸ್ಟೆಂಟರವು. ಪಂಗಡ ಬೇರೆ, ಆಡಳಿತ ಬೇರೆ.

ಇನ್ನು ಬಡಾವಣೆಗಳಲ್ಲಿ ಕಾಣುವ ಬೋರ್ಡುಗಳ ಸಂಗತಿ. ಒಂದು ಬೀದಿಯಲ್ಲಿ ನಾಲ್ಕು ಕಾನ್ವೆಂಟ್ ಬೋರ್ಡುಗಳಿದ್ದರೆ, ನಾಲ್ಕರಲ್ಲೂ ಸಿಸ್ಟರುಗಳಿದ್ದಾರೆಂದು ತಿಳಿಯಬೇಡಿ. ಎಷ್ಟೋ ಕಡೆ ಯಾವುದೋ ಟ್ರಸ್ಟು ಮಹಡಿಮನೆಯೊಂದರಲ್ಲಿ ಇಂಗ್ಲಿಷ್ ಮಾಧ್ಯಮದ ಶಾಲೆ ತೆರೆದು ಆ ಹೆಸರು ಇಟ್ಟುಕೊಂಡಿರುತ್ತದೆ. ಅದರಲ್ಲಿ ಒಳ್ಳೆಯ ಶಾಲೆಯೂ ಇರಬಹುದು, ಸಾಧಾರಣದ್ದೂ ಇರಬಹುದು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಸುಮ್ಮನೆ ಹುಟ್ಟಲಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆಯೂ ಉಂಟು. ಕಥೋಲಿಕರ ಶಾಲೆ ಎಂದರೆ ಪಟ್ಟಣದ್ದು, ಶ್ರೀಮಂತರದು, ಇಂಗ್ಲಿಷಿನದು ಎಂದು. ಹಾಗಿಲ್ಲ. ಕನಕಪುರ ತಾಲ್ಲೂಕಿನ ಹಾರೋಬೆಲೆಗೆ ಹೋಗಿ ನೋಡಿ, ನಮ್ಮ ಹಾಗೆಯೇ ನೇಗಿಲು ಹಿಡಿದ ಕಥೋಲಿಕ ರೈತರು ತಲೆಮಾರುಗಳಿಂದ ಇದ್ದಾರೆ, ಅವರ ಮನೆಮಾತು ಕನ್ನಡ. ದಕ್ಷಿಣ ಕನ್ನಡ ಜಿಲ್ಲೆಯ ಹಳ್ಳಿಗಳಲ್ಲಿ ಚರ್ಚಿನ ಪಕ್ಕದಲ್ಲಿ ಸರ್ಕಾರದ ಅನುದಾನದಿಂದ ನಡೆಯುವ ಕನ್ನಡ ಮಾಧ್ಯಮದ ಶಾಲೆಗಳು ಎಷ್ಟೋ ಇವೆ. ಅಲ್ಲಿ ಎಲ್ಲ ಜಾತಿ ಮತದ ಮಕ್ಕಳೂ ಓದುತ್ತಾರೆ.

ಹೆಸರು ಬಂದ ಬಗೆ

ಹಾಗಾದರೆ ಈ ಶಾಲೆಗಳಿಗೆ ಇಷ್ಟು ಹೆಸರು ಹೇಗೆ ಬಂತು? ಮಂಗಳೂರಿನ ಒಂದು ದೃಷ್ಟಾಂತ ನೋಡಿ.

1878ರ ಕೊನೆಗೆ ಯೇಸುಸಭೆಯ ಪಾದ್ರಿಗಳು ಹಡಗಿನಲ್ಲಿ ಮಂಗಳೂರಿಗೆ ಬಂದರು. 1880ರಲ್ಲಿ ಸಂತ ಅಲೋಶಿಯಸರ ಹೆಸರಿನಲ್ಲಿ ಶಾಲೆ ಆರಂಭಿಸಿದರು. ಊರಿನ ಲೋಬೊ ಪ್ರಭು ಮನೆತನದವರು ಗುಡ್ಡದ ಮೇಲಿನ ನೆಲವನ್ನು ಕೊಟ್ಟರು. ಅದರ ಮೇಲೆ ಕಟ್ಟಡ ಎದ್ದಿತು. ಆ ತಂಡದಲ್ಲಿದ್ದ ಅಗಸ್ಟಸ್ ಮುಲ್ಲರ್ ಎಂಬ ಪಾದ್ರಿ 1880ರಲ್ಲಿಯೇ ಬಡವರಿಗೆ ಹೋಮಿಯೋಪತಿ ಔಷಧ ಹಂಚಲು ತೊಡಗಿದರು. ಅದೇ ಬೆಳೆದು ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆಯಾಯಿತು.

ಅಂದು ನೆಟ್ಟ ಗಿಡ ಇಂದು ಹೇಗಿದೆ? ಅಲೋಶಿಯಸ್ ಹೈಸ್ಕೂಲಿನಲ್ಲಿ ಓದಿದ ಅರವಿಂದ ಅಡಿಗರು 1990ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ರಾಜ್ಯಕ್ಕೆ ಮೊದಲಿಗರಾದರು, 2008ರಲ್ಲಿ ಕಾದಂಬರಿಗಾಗಿ ಬೂಕರ್ ಪ್ರಶಸ್ತಿ ಪಡೆದರು. ಈ ಸಂಸ್ಥೆ ರೇಡಿಯೋ ಸಾರಂಗ್ ಎಂಬ ಸಮುದಾಯ ಬಾನುಲಿಯನ್ನೂ ನಡೆಸುತ್ತಿದೆ. 2024ರ ಜನವರಿಯಲ್ಲಿ ಸಂತ ಅಲೋಶಿಯಸ್ ಕಾಲೇಜಿಗೆ ವಿಶ್ವವಿದ್ಯಾನಿಲಯದ ಸ್ಥಾನಮಾನ ಬಂತು. ಬೆಂಗಳೂರಿನ ಸೇಂಟ್ ಜೋಸೆಫರ ಶಾಲೆಯ ಬಳಗದಲ್ಲಿಯೂ ಹಾಗೆಯೇ. 1882ರಲ್ಲಿ ಕಾಲೇಜು ತರಗತಿ ಆರಂಭವಾಯಿತು. ಆ ಕಾಲೇಜು ಬೆಳೆದು ವಿಶ್ವವಿದ್ಯಾನಿಲಯವಾಗಿ, 2022ರ ಸೆಪ್ಟೆಂಬರ್ 27ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಅದನ್ನು ಉದ್ಘಾಟಿಸಿದರು. ಸೇಂಟ್ ಜೋಸೆಫ್ಸ್ ಬಾಲಕರ ಹೈಸ್ಕೂಲಿನಲ್ಲಿ ಓದಿದ ರಾಹುಲ್ ದ್ರಾವಿಡರ ಹೆಸರು ಕೇಳದ ಹಳ್ಳಿಯಿಲ್ಲ. 2024ರ ಜೂನಿನಲ್ಲಿ ಭಾರತ ಟಿ-20 ವಿಶ್ವಕಪ್ ಗೆದ್ದಾಗ ತಂಡದ ತರಬೇತುದಾರರು ಅವರೇ.

ಈಗ ಲೆಕ್ಕ ಹಾಕಿ. ಮಂಗಳೂರಿನಲ್ಲಿ 1880ರಿಂದ 2024ಕ್ಕೆ 144 ವರ್ಷ. ಬೆಂಗಳೂರಿನಲ್ಲಿ 1858ರಿಂದ 2022ಕ್ಕೆ 164 ವರ್ಷ. ಇದು ಮೂರು ತಿಂಗಳ ರಾಗಿ ಬೆಳೆಯಲ್ಲ, ಅಜ್ಜ ನೆಟ್ಟು ಮೊಮ್ಮಗ ಹಣ್ಣು ತಿನ್ನುವ ಹುಣಸೆಮರ. ಮಾಡಿದ ಕೆಲಸದಲ್ಲಿ ಗುಟ್ಟೇನೂ ಇಲ್ಲ. ಯಾರೋ ಜಾಗ ಕೊಟ್ಟರು. ಶಾಲೆಯನ್ನೇ ಬಾಳಿನ ಕೆಲಸವೆಂದುಕೊಂಡವರು ಪಾಠ ಹೇಳಿದರು. ಆಟಕ್ಕೆ ಬಯಲು ಬಿಟ್ಟರು, ಓದಿಗೆ ಪುಸ್ತಕ ಕೂಡಿಟ್ಟರು. ಓದಿಹೋದವರು ತಮ್ಮ ಶಾಲೆಯನ್ನು ಮರೆಯಲಿಲ್ಲ. ಇದನ್ನು ಮನಸ್ಸಿನಲ್ಲಿಡಿ, ಕೊನೆಯಲ್ಲಿ ಮತ್ತೆ ಈ ಮಾತಿಗೆ ಬರುತ್ತೇನೆ.

ಅನುದಾನಿತ, ಅನುದಾನರಹಿತ, ಅಲ್ಪಸಂಖ್ಯಾತ

ಶಾಲೆಯ ಬಾಗಿಲಲ್ಲಿ ನೀವು ಕೇಳುವ ಮೂರು ಪದಗಳಿವು. ಇವುಗಳ ವ್ಯತ್ಯಾಸ ತಿಳಿಯದಿದ್ದರೆ ನಷ್ಟ ನಿಮ್ಮದೇ.

ಅನುದಾನಿತ ಶಾಲೆಯಲ್ಲಿ ಆಡಳಿತ ಖಾಸಗಿಯವರದು. ಮಂಜೂರಾದ ಹುದ್ದೆಗಳ ಶಿಕ್ಷಕರ ಸಂಬಳ ಸರ್ಕಾರದ್ದು. ಅಲ್ಲಿ ಶುಲ್ಕ ಕಡಿಮೆ, ಸರ್ಕಾರಿ ಶಾಲೆಯಂತೆಯೇ ಹತ್ತನೆಯ ತರಗತಿಯವರೆಗೆ ಮಧ್ಯಾಹ್ನದ ಬಿಸಿಯೂಟವೂ ಉಂಟು. ಅನುದಾನರಹಿತ ಶಾಲೆಯಲ್ಲಿ ಎಲ್ಲ ಖರ್ಚೂ ಮಕ್ಕಳ ಶುಲ್ಕದಿಂದಲೇ ಹುಟ್ಟಬೇಕು. ಕಥೋಲಿಕ ಶಾಲೆಗಳಲ್ಲಿ ಎರಡು ಬಗೆಯವೂ ಇವೆ.

ಅಲ್ಪಸಂಖ್ಯಾತ ಶಾಲೆ ಎಂಬುದು ಇನ್ನೊಂದು ವಿಚಾರ. ಮತದಿಂದಾಗಲಿ ಭಾಷೆಯಿಂದಾಗಲಿ ಅಲ್ಪಸಂಖ್ಯಾತರಾದವರು ತಮ್ಮ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಸಂವಿಧಾನದ 30ನೆಯ ವಿಧಿ ಕೊಟ್ಟಿದೆ. 2014ರ ಮೇ 6ರಂದು ಸುಪ್ರೀಂ ಕೋರ್ಟು, ಶಿಕ್ಷಣ ಹಕ್ಕಿನ ಕಾಯಿದೆ ಅಂದರೆ ಆರ್.ಟಿ.ಇ. ಇಂತಹ ಶಾಲೆಗಳಿಗೆ ಅನ್ವಯಿಸುವುದಿಲ್ಲವೆಂದು ತೀರ್ಪು ಕೊಟ್ಟಿತು. 2025ರ ಸೆಪ್ಟೆಂಬರಿನಲ್ಲಿ ಅದೇ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ಆ ತೀರ್ಪನ್ನು ಮತ್ತೆ ಪರಿಶೀಲಿಸುವುದು ಅಗತ್ಯವೆಂದು ಹೇಳಿ, ವಿಷಯವನ್ನು ಮುಖ್ಯ ನ್ಯಾಯಮೂರ್ತಿಗಳ ಮುಂದೆ ಇಟ್ಟಿತು.

ಕೆಲವರು ಬಂದು, "ಆರ್.ಟಿ.ಇ. ಸೀಟು ಕೊಡಿಸುತ್ತೇನೆ, ಇಷ್ಟು ಕೊಡಿ" ಎನ್ನುತ್ತಾರೆ. ನಂಬಬೇಡಿ. ಆ ಕಾಯಿದೆಯ ಉಚಿತ ಸೀಟು ಶಾಲೆಯ ಆರಂಭದ ತರಗತಿಗೇ ಕೊಡತಕ್ಕದ್ದು, ಅದರ ಪ್ರಯೋಜನ ಎಂಟನೆಯ ತರಗತಿಗೆ ಮುಗಿಯುತ್ತದೆ. ಹೈಸ್ಕೂಲಿಗೆ ಹೊಸದಾಗಿ ಸೇರುವ ಮಗುವಿಗೆ ಅದು ದೊರೆಯದು. ಅಲ್ಲದೆ 2019ರಿಂದ ಕರ್ನಾಟಕದಲ್ಲಿ, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇರುವೆಡೆ ಖಾಸಗಿ ಶಾಲೆಗಳಿಗೆ ಈ ಸೀಟು ಹಂಚುವುದಿಲ್ಲವೆಂಬ ನಿಯಮ ಬಂತು.

ನೂರಕ್ಕೆ ನೂರು ಫಲಿತಾಂಶ

ಶಾಲೆಯ ಗೇಟಿನ ಮೇಲೆ "ಎಸ್.ಎಸ್.ಎಲ್.ಸಿ. ಶೇ. 100 ಫಲಿತಾಂಶ" ಎಂಬ ಬಟ್ಟೆ ಕಟ್ಟಿರುತ್ತಾರೆ. ಸಂತೋಷವೇ. ಆದರೆ ಮೊಳಕೆ ಪರೀಕ್ಷೆಯನ್ನು ನೆನೆಯಿರಿ. ಚೀಲದಲ್ಲಿ ಕೈಯಿಟ್ಟು ಬಂದ ಹಾಗೆ ನೂರು ಬೀಜ ತೆಗೆದು ಎಣಿಸಿದರೆ ಚೀಲದ ಗುಣ ತಿಳಿಯುತ್ತದೆ. ದಪ್ಪ ಬೀಜಗಳನ್ನೇ ಆರಿಸಿ ಕಟ್ಟಿದರೆ ಎಲ್ಲವೂ ಮೊಳೆಯುತ್ತವೆ, ಹೊಲದಲ್ಲಿ ಮಾತ್ರ ಸಾಲು ಬಿಟ್ಟಿರುತ್ತದೆ. ಶಾಲೆಯಲ್ಲಿಯೂ ಹಾಗೆಯೇ. ಎಂಟನೆಯ ತರಗತಿಗೆ ಎಷ್ಟು ಮಕ್ಕಳು ಸೇರಿದರು? ಒಂಬತ್ತರಲ್ಲಿ ಎಷ್ಟು ಮಕ್ಕಳಿಗೆ ವರ್ಗಾವಣೆ ಪತ್ರ ಕೊಟ್ಟು ಕಳಿಸಿದರು? ಪರೀಕ್ಷೆಗೆ ಎಷ್ಟು ಮಂದಿ ಕೂತರು? ಈ ಮೂರು ಸಂಖ್ಯೆ ಕೇಳದೆ ನೂರಕ್ಕೆ ನೂರು ಎಂಬುದಕ್ಕೆ ಬೆಲೆ ಕಟ್ಟಬೇಡಿ.

ಇಡೀ ರಾಜ್ಯದ ಅಂಕಿಗಳನ್ನೂ ನೋಡಿ. ಎಸ್.ಎಸ್.ಎಲ್.ಸಿ.ಯಲ್ಲಿ ತೇರ್ಗಡೆಯಾದವರು 2023ರಲ್ಲಿ ಶೇ. 83.89. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮರಾ ಇಟ್ಟು ಬಿಗಿ ಮಾಡಿದರು. ಕೃಪಾಂಕವನ್ನು ಹೆಚ್ಚಿಸಿದ ಮೇಲೂ 2024ರಲ್ಲಿ ಮೊದಲ ಪರೀಕ್ಷೆಯ ಫಲಿತಾಂಶ ಶೇ. 73.40ಕ್ಕೆ ಇಳಿಯಿತು, 2025ರಲ್ಲಿ ಶೇ. 62.34. ಮಕ್ಕಳು ಒಂದೇ ವರ್ಷದಲ್ಲಿ ದಡ್ಡರಾದರೇ? ಇಲ್ಲ. ಅಳತೆ ಬಿಗಿಯಾದಾಗ ನಿಜವಾದ ತೂಕ ಕಾಣಿಸಿತು. ಆದ್ದರಿಂದ ಯಾವುದೇ ಶಾಲೆಯಲ್ಲಿ ಬಿಗಿ ಪರೀಕ್ಷೆಯ ಈಚಿನ ವರ್ಷಗಳ ಫಲಿತಾಂಶವನ್ನೇ ಕೇಳಿರಿ.

ಇನ್ನೊಂದು ಸಂಗತಿ ಕೇಳಿದರೆ ನಿಮಗೆ ಹೆಮ್ಮೆಯಾಗುತ್ತದೆ. ಆ ಬಿಗಿ ಪರೀಕ್ಷೆಯಲ್ಲಿ, 2024ರಲ್ಲಿ, 625ಕ್ಕೆ 625 ಅಂಕ ತೆಗೆದು ರಾಜ್ಯಕ್ಕೆ ಮೊದಲಾದವಳು ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲ್ಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಹುಡುಗಿ. ಸರ್ಕಾರದ ಶಾಲೆ, ರೈತನ ಮಗಳು.

ಊರು ಬಿಟ್ಟರೆ ಬಿಡಬೇಕಾದದ್ದು

ಈಗ ಬಹು ಮುಖ್ಯವಾದ ಭಾಗಕ್ಕೆ ಬರುತ್ತೇನೆ. ನಿಧಾನವಾಗಿ ಓದಿ, ಓದಲು ಬಾರದವರಿಗೆ ಓದಿ ಹೇಳಿ.

ಒಂದು: ಗ್ರಾಮೀಣ ಮೀಸಲು. ಇಂಜಿನಿಯರಿಂಗ್, ವೈದ್ಯಕೀಯ, ಕೃಷಿ ಪದವಿ ಮುಂತಾದ ಕೋರ್ಸುಗಳ ಸರ್ಕಾರಿ ಸೀಟುಗಳಲ್ಲಿ ಶೇ. 15 ಹಳ್ಳಿಯಲ್ಲಿ ಓದಿದವರಿಗೆ ಮೀಸಲು. ಆದರೆ ಒಂದರಿಂದ ಹತ್ತನೆಯ ತರಗತಿಯವರೆಗೆ ಪೂರ್ತಿ ಹತ್ತು ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿಯೇ ಓದಿರಬೇಕು. ಏಳು ವರ್ಷ ಹಳ್ಳಿಯಲ್ಲಿ ಓದಿ ಮೂರು ವರ್ಷ ಬೆಂಗಳೂರಿನಲ್ಲಿ ಓದಿದರೆ ಮೀಸಲು ಹೋಯಿತು.

ಎರಡು: ಕನ್ನಡ ಮಾಧ್ಯಮದ ಮೀಸಲು. ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಸೀಟು. ಎಂಟನೆಯ ತರಗತಿಯಲ್ಲಿ ಇಂಗ್ಲಿಷ್ ಮಾಧ್ಯಮಕ್ಕೆ ಹೋದರೆ ಅದೂ ಹೋಯಿತು.

ಮೂರು: ಎನ್.ಎಂ.ಎಂ.ಎಸ್. ವಿದ್ಯಾರ್ಥಿವೇತನ. ಎಂಟನೆಯ ತರಗತಿಯಲ್ಲಿ ಒಂದು ಪರೀಕ್ಷೆ ನಡೆಯುತ್ತದೆ. ಅದರಲ್ಲಿ ಆಯ್ಕೆಯಾದವರಿಗೆ ಒಂಬತ್ತರಿಂದ ದ್ವಿತೀಯ ಪಿ.ಯು.ಸಿ.ವರೆಗೆ ವರ್ಷಕ್ಕೆ 12,000 ರೂಪಾಯಿ, ನಾಲ್ಕು ವರ್ಷಕ್ಕೆ 48,000. ಮನೆಯ ವರಮಾನ ವರ್ಷಕ್ಕೆ ಮೂರೂವರೆ ಲಕ್ಷ ಮೀರಿರಬಾರದು. ಸರ್ಕಾರಿ, ಸ್ಥಳೀಯ ಸಂಸ್ಥೆಗಳ ಮತ್ತು ಅನುದಾನಿತ ಶಾಲೆಯ ಮಕ್ಕಳಿಗೆ ಮಾತ್ರ ಇದು. ಅನುದಾನರಹಿತ ಶಾಲೆಗೆ ಸೇರಿದ ಮಗು ಈ ಪರೀಕ್ಷೆಗೆ ಕೂರುವಂತಿಲ್ಲ.

ನಾಲ್ಕು: ಪಾಠದ ಭಾಷೆ. ಏಳು ವರ್ಷ "ದ್ಯುತಿಸಂಶ್ಲೇಷಣೆ" ಎಂದು ಓದಿದ ಮಗು ಎಂಟನೆಯ ತರಗತಿಯಲ್ಲಿ ಒಮ್ಮೆಲೇ "ಫೋಟೋಸಿಂಥೆಸಿಸ್" ಎಂದು ಬರೆಯಬೇಕು. ನರ್ಸರಿಯ ಸಸಿಯನ್ನು ಕಿತ್ತು ನೆಟ್ಟಾಗ ನಾಲ್ಕು ದಿನ ಬಾಡುತ್ತದಲ್ಲವೆ? ಬೇರು ಹಿಡಿದರೆ ಚಿಗುರುತ್ತದೆ, ಹಿಡಿಯದಿದ್ದರೆ ಒಣಗುತ್ತದೆ. ಹಲವು ಮಕ್ಕಳು ಒಂದು ವರ್ಷ ಕಷ್ಟಪಟ್ಟು ಬೇರು ಹಿಡಿಯುತ್ತವೆ. ಆ ವರ್ಷ ಪಕ್ಕದಲ್ಲಿ ಕೂತು ಹೇಳಿಕೊಡುವವರು ಇದ್ದಾರೆಯೇ ಎಂಬುದೇ ಪ್ರಶ್ನೆ.

ಈ ಮಾತುಗಳನ್ನು ನಾನು ಪುಸ್ತಕದಿಂದ ಹೇಳುತ್ತಿಲ್ಲ. ನಾನೂ ಎಂಟನೆಯ ತರಗತಿಗೆ ಹಳ್ಳಿ ಬಿಟ್ಟು ಹನುಮಂತನಗರದ ಸೋದರಮಾವನ ಮನೆಗೆ ಹೋದವನು. ರಾಮಾಂಜನೇಯ ಗುಡ್ಡದ ಮೆಟ್ಟಿಲ ಮೇಲೆ ಕೂತು ಓದಿದೆ. ಕಾರ್ತಿಕದಲ್ಲಿ ಕಡಲೆಕಾಯಿ ಪರಿಷೆಗೆ ನಮ್ಮೂರವರು ಮೂಟೆ ತಂದಾಗ ಓಡಿಹೋಗಿ ಅವರ ಪಕ್ಕ ನಿಲ್ಲುತ್ತಿದ್ದೆ. ಓದಿದ್ದು ಕಾನ್ವೆಂಟ್ ಎಂಬ ಬೋರ್ಡಿದ್ದ ಒಂದು ಶಾಲೆಯಲ್ಲಿ. ಅಲ್ಲಿ ಸಿಸ್ಟರೂ ಇರಲಿಲ್ಲ, ಫಾದರೂ ಇರಲಿಲ್ಲ, ಆಟದ ಬಯಲೂ ಇರಲಿಲ್ಲ. ಪಿ.ಯು.ಸಿ. ಮುಗಿಸಿ ಕೃಷಿ ಪದವಿಗೆ ಅರ್ಜಿ ತುಂಬಲು ಕೂತಾಗ, ಗ್ರಾಮೀಣ ಮೀಸಲಿನ ಕಲಮಿನಲ್ಲಿ "ಇಲ್ಲ" ಎಂದು ಬರೆಯಬೇಕಾಯಿತು. ಪಕ್ಕದಲ್ಲಿ ನಿಂತಿದ್ದ ಅಪ್ಪ, "ನಾವು ಹಳ್ಳಿಯವರೇ ಅಲ್ವೇನಪ್ಪ?" ಎಂದು ಕೇಳಿದರು. ಉತ್ತರ ನನ್ನಲ್ಲಿರಲಿಲ್ಲ. ಮೀಸಲು ಇದ್ದಿದ್ದರೆ ಸೀಟು ಸಿಗುತ್ತಿತ್ತೆಂದು ಹೇಳಲಾರೆ, ನನ್ನ ಅಂಕಗಳೂ ಸಾಧಾರಣವೇ. ಕೊನೆಗೆ ಕೃಷಿ ಡಿಪ್ಲೊಮಾ ಮಾಡಿದೆ, ನಿಮ್ಮ ನಡುವೆ ಕೆಲಸ ಸಿಕ್ಕಿತು, ಅದರಲ್ಲಿ ನನಗೆ ಕೊರತೆಯಿಲ್ಲ. ಆದರೆ ಹೊರಡುವ ಮುನ್ನ ಒಬ್ಬರು ಈ ನಿಯಮ ಹೇಳಿದ್ದರೆ ಅಪ್ಪ ಯೋಚನೆ ಮಾಡಿ ನಿರ್ಧರಿಸುತ್ತಿದ್ದರು.

ನಾವು ಹೋಗಿ ಕೇಳಿದೆವು

ಆ ರೈತರಿಗೆ ಇದನ್ನೆಲ್ಲ ಹೇಳಿದೆ. ಅವರು ಸುಮ್ಮನೆ ಕೇಳಿ, "ಸರಿ, ಆದ್ರೂ ಒಂದ್ಸಾರಿ ನೋಡ್ಕೊಂಡು ಬರಾಣ" ಎಂದರು. ದೂರದ ಬೆಟ್ಟ ನುಣ್ಣಗೆ ಎನ್ನುವುದಕ್ಕಿಂತ ಹತ್ತಿ ನೋಡುವುದೇ ಮೇಲು. ಒಂದು ದಿನ ತಂದೆ, ಮಗಳು, ನಾನು ಮೂವರೂ ಬಸ್ಸು ಹತ್ತಿದೆವು.

ಮೊದಲು ಹೋದ ಶಾಲೆಯಲ್ಲಿ ಶುಲ್ಕದ ಚೀಟಿ ಕೊಟ್ಟರು. ಎಂಟನೆಯ ತರಗತಿಗೆ ಸೇರಿದವರಲ್ಲಿ ಎಷ್ಟು ಮಂದಿ ಹತ್ತರವರೆಗೆ ಉಳಿದರು ಎಂದು ಕೇಳಿದೆವು. "ಅದೆಲ್ಲ ನಿಮಗ್ಯಾಕೆ, ಸೀಟು ಬೇಕೋ ಬೇಡವೋ ಹೇಳಿ" ಎಂದರು. ರೈತರು ಚೀಟಿ ಮಡಿಸಿ ಜೇಬಿಗೆ ಹಾಕಿಕೊಂಡು ಹೊರಗೆ ಬಂದರು.

ಆಮೇಲೆ ಸಿಸ್ಟರುಗಳೇ ನಡೆಸುವ ಒಂದು ಶಾಲೆಗೆ ಹೋದೆವು. ವಯಸ್ಸಾದ ಸಿಸ್ಟರ್ ಒಬ್ಬರು ನಮ್ಮನ್ನು ಕೂರಿಸಿ ನೀರು ಕೊಟ್ಟರು. ನನ್ನನ್ನೂ ತಂದೆಯನ್ನೂ ಬಿಟ್ಟು ಹುಡುಗಿಯ ಕಡೆಗೆ ತಿರುಗಿ, ಅಚ್ಚ ಕನ್ನಡದಲ್ಲಿ, "ನಿನಗೆ ಇಲ್ಲಿ ಓದೋಕೆ ಇಷ್ಟ ಇದೆಯಾ ಮಗಳೇ?" ಎಂದರು. ಹುಡುಗಿ ತಲೆ ತಗ್ಗಿಸಿ, "ಇಂಗ್ಲಿಷ್ ಬರಬೇಕು ಅಂತ ಇಷ್ಟ. ಅತ್ತೆ ಮನೇಲಿ ಇರೋಕೆ ಇಷ್ಟ ಇಲ್ಲ" ಎಂದಳು. ಆ ಮಾತನ್ನು ಅವಳು ಮನೆಯಲ್ಲಿ ಒಮ್ಮೆಯೂ ಆಡಿರಲಿಲ್ಲ. ಯಾರೂ ಕೇಳಿರಲಿಲ್ಲ.

ಸಿಸ್ಟರ್ ಒಂದು ಇಂಗ್ಲಿಷ್ ಪಾಠ ಓದಿಸಿದರು. ನಿಧಾನವಾಗಿ ಓದಿದಳು. ಅವರು ಹೇಳಿದ್ದಿಷ್ಟು: "ಸೇರಿಸಿಕೊಳ್ಳಬಹುದು, ಮೊದಲ ವರ್ಷ ಕಷ್ಟಪಡುತ್ತಾಳೆ. ನಿಮ್ಮ ಹೋಬಳಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮತ್ತು ಗಣಿತಕ್ಕೆ ಮೇಷ್ಟ್ರು ಇದ್ದಾರಾ ಎಂದು ಮೊದಲು ನೋಡಿ. ಇದ್ದರೆ ಭೂಮಿ ಭೋಗ್ಯಕ್ಕೆ ಹಾಕಬೇಡಿ. ಇಲ್ಲದಿದ್ದರೆ ಬನ್ನಿ, ಮಾತಾಡೋಣ."

ತಮ್ಮ ಬಾಗಿಲಿಗೆ ಬಂದವರಿಗೆ ಹೀಗೆ ಹೇಳುವ ಶಾಲೆಯ ಹೆಸರು ಏಕೆ ಉಳಿಯುತ್ತದೆಂದು ಅಂದು ನನಗೆ ತಿಳಿಯಿತು.

ಹೋಬಳಿ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು ಇದ್ದರು, ಇಂಗ್ಲಿಷಿನ ಹುದ್ದೆ ಖಾಲಿ ಇತ್ತು. ಊರಿನ ಹನ್ನೊಂದು ಮಂದಿ ತಂದೆ ತಾಯಂದಿರು ಸಹಿ ಹಾಕಿ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಮನವಿ ಕೊಟ್ಟರು. ಜುಲೈ ಕೊನೆಗೆ ಅತಿಥಿ ಶಿಕ್ಷಕಿಯೊಬ್ಬರು ಬಂದರು. ಹುಡುಗಿ ಅಲ್ಲಿಯೇ ಸೇರಿದಳು, ಎನ್.ಎಂ.ಎಂ.ಎಸ್. ಪರೀಕ್ಷೆಯನ್ನೂ ಬರೆದಳು. ಆಯ್ಕೆಯಾಗುತ್ತಾಳೋ ಇಲ್ಲವೋ ಕಾದು ನೋಡಬೇಕು. ಒಂದೆಕರೆ ಜಮೀನು ಅವರ ಕೈಯಲ್ಲಿಯೇ ಇದೆ, ಹೋದ ಹಂಗಾಮಿನಲ್ಲಿ ಅದರಲ್ಲಿ ನೆಲಗಡಲೆ ಬಂತು.

ಇದನ್ನು ಓದಿ ಎಲ್ಲರೂ ಹೀಗೆಯೇ ಮಾಡಬೇಕೆಂದು ನಾನು ಹೇಳುತ್ತಿಲ್ಲ. ಅದೇ ಊರಿನ ಇನ್ನೊಂದು ಮನೆಯ ಹುಡುಗ ಚರ್ಚಿನವರು ನಡೆಸುವ ಅನುದಾನಿತ ಹೈಸ್ಕೂಲಿಗೆ ಸೇರಿ, ಅವರದೇ ಹಾಸ್ಟೆಲಿನಲ್ಲಿದ್ದು ಚೆನ್ನಾಗಿ ಓದುತ್ತಿದ್ದಾನೆ. ಅವನ ಮನೆಯಲ್ಲಿ ಕುಡಿತದ ಜಗಳ, ಓದಲು ದೀಪದ ಮುಂದೆ ಜಾಗವಿರಲಿಲ್ಲ. ಅವನಿಗೆ ಊರು ಬಿಟ್ಟದ್ದೇ ಒಳ್ಳೆಯದಾಯಿತು. ಭೂಮಿ ನೋಡಿ ಬೆಳೆ, ಮಗು ನೋಡಿ ಶಾಲೆ.

ಕೇಳಬೇಕಾದ ಏಳು ಪ್ರಶ್ನೆಗಳು

ಯಾವ ಶಾಲೆಗೆ ಹೋದರೂ ಸಂಕೋಚಪಡದೆ ಇವನ್ನು ಕೇಳಿರಿ.

1. ಶಾಲೆ ನಡೆಸುವವರು ಯಾರು? ಸರ್ಕಾರದ ಮಾನ್ಯತೆ ಹತ್ತನೆಯ ತರಗತಿಯವರೆಗೂ ಇದೆಯೇ?
2. ಅನುದಾನಿತವೋ, ಅನುದಾನರಹಿತವೋ?
3. ರಾಜ್ಯದ ಪಠ್ಯವೋ, ಕೇಂದ್ರದ ಪಠ್ಯವೋ? ಮಾಧ್ಯಮ ಯಾವುದು?
4. ಗಣಿತ, ವಿಜ್ಞಾನ, ಇಂಗ್ಲಿಷಿಗೆ ಶಿಕ್ಷಕರಿದ್ದಾರೆಯೇ? ಅವರು ಎಷ್ಟು ವರ್ಷದಿಂದ ಇದ್ದಾರೆ?
5. ಎಂಟಕ್ಕೆ ಸೇರಿದವರೆಷ್ಟು, ಹತ್ತನೆಯ ತರಗತಿ ಪರೀಕ್ಷೆಗೆ ಕೂತವರೆಷ್ಟು, ತೇರ್ಗಡೆಯಾದವರೆಷ್ಟು?
6. ಶುಲ್ಕದ ಜೊತೆಗೆ ಬಟ್ಟೆ, ಪುಸ್ತಕ, ವ್ಯಾನು, ಪರೀಕ್ಷೆ ಸೇರಿ ಮೂರು ವರ್ಷಕ್ಕೆ ಒಟ್ಟು ಎಷ್ಟು?
7. ಹಿಂದುಳಿದ ಮಗುವಿಗೆ ಪಾಠ ಮುಗಿದ ಮೇಲೆ ಹೇಳಿಕೊಡುವ ಏರ್ಪಾಡಿದೆಯೇ?

ಎಂಟನೆಯದನ್ನು ಮನೆಯಲ್ಲಿಯೇ, ಮಗುವನ್ನು ಕೇಳಿರಿ.

ಹಣದ ಬಗೆಗೂ ಒಂದು ಮಾತು. ರೈತರ ಮಕ್ಕಳಿಗಾಗಿ 2021ರಲ್ಲಿ ರಾಜ್ಯದಲ್ಲಿ ರೈತ ವಿದ್ಯಾನಿಧಿ ಎಂಬ ವಿದ್ಯಾರ್ಥಿವೇತನ ಆರಂಭವಾಯಿತು. ಹತ್ತನೆಯ ತರಗತಿಯ ನಂತರ ಓದುವವರಿಗೆಂದು ತೊಡಗಿದ ಅದನ್ನು ಆಮೇಲೆ ಎಂಟರಿಂದ ಹತ್ತನೆಯ ತರಗತಿಯ ಹೆಣ್ಣುಮಕ್ಕಳಿಗೂ ವಿಸ್ತರಿಸಿದರು. ಅದಕ್ಕೆ ನಿಮ್ಮ ಹೆಸರು ಫ್ರೂಟ್ಸ್ ದಾಖಲೆಯಲ್ಲಿ ಇರಬೇಕು. ಆಧಾರ್ ಕಾರ್ಡು, ಪಹಣಿ, ಬ್ಯಾಂಕ್ ಪಾಸ್‌ಬುಕ್ ಹಿಡಿದು ರೈತ ಸಂಪರ್ಕ ಕೇಂದ್ರಕ್ಕೆ ಬನ್ನಿ. ಆ ವರ್ಷದ ನಿಯಮ ಏನೆಂದು ಅಲ್ಲಿಯೇ ಕೇಳಿ ತಿಳಿಯಿರಿ. ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ, ಹೋದ ವರ್ಷದ ಮಾತು ಈ ವರ್ಷ ನಡೆಯದಿರಬಹುದು.

ನಮ್ಮೂರ ಹೈಸ್ಕೂಲು

ಕೊನೆಯದಾಗಿ, ಮೇಲೆ ಹೇಳಿದ ಹುಣಸೆಮರದ ಮಾತು. ಜಾಗ, ಬಿಡದೆ ಪಾಠ ಹೇಳುವವರು, ಬಯಲು, ಪುಸ್ತಕ, ಹಳೆಯ ವಿದ್ಯಾರ್ಥಿಗಳು. ಇವುಗಳಲ್ಲಿ ಯಾವುದು ನಮ್ಮ ಕೈಗೆ ನಿಲುಕದ್ದು? ನಮ್ಮ ಹೋಬಳಿ ಹೈಸ್ಕೂಲಿಗೂ ಜಾಗ ಕೊಟ್ಟವರು ಒಬ್ಬ ರೈತರೇ. ಬಯಲು ಇದೆ, ಅದರಲ್ಲಿ ಪಾರ್ಥೇನಿಯಂ ಬೆಳೆದಿದೆ. ಪುಸ್ತಕ ಇವೆ, ಬೀರುವಿನ ಬೀಗದ ಕೈ ಎಲ್ಲಿದೆಯೋ ಗೊತ್ತಿಲ್ಲ. ಹಳೆಯ ವಿದ್ಯಾರ್ಥಿಗಳು ಬೆಂಗಳೂರಿನ ತುಂಬ ಇದ್ದಾರೆ, ಹಬ್ಬಕ್ಕೆ ಬಂದಾಗ ಶಾಲೆಯ ಮುಂದೆಯೇ ಹಾದುಹೋಗುತ್ತಾರೆ, ಒಳಗೆ ಯಾರೂ ಕರೆದಿಲ್ಲ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅದನ್ನು ನೀವು ಎಸ್.ಡಿ.ಎಂ.ಸಿ. ಎನ್ನುತ್ತೀರಿ, ಅದರಲ್ಲಿ ಕೂರುವವರು ತಂದೆ ತಾಯಂದಿರೇ. ಸಭೆಯ ದಿನ ಹೊಲದ ಕೆಲಸವೆಂದು ತಪ್ಪಿಸಿಕೊಳ್ಳಬೇಡಿ. ಖಾಲಿ ಹುದ್ದೆ ಎಷ್ಟಿದೆ ಎಂದು ಕೇಳಿರಿ, ಬರೆದು ಕೊಡಿರಿ, ಹನ್ನೊಂದು ಸಹಿಗೆ ಒಬ್ಬ ಶಿಕ್ಷಕಿ ಬಂದದ್ದನ್ನು ಜ್ಞಾಪಕದಲ್ಲಿಡಿರಿ.

ಪಾರ್ಥೇನಿಯಂ ಹೂ ಬಿಡುವ ಮುನ್ನವೇ ಕಿತ್ತರೆ ಬೀಜ ಹರಡದು. ಬರುವ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ನಾನು ಹೈಸ್ಕೂಲಿನ ಬಯಲಿನಲ್ಲಿ ಇರುತ್ತೇನೆ. ಕೈಗೆ ಬಟ್ಟೆ ಸುತ್ತಿಕೊಂಡು, ಕುಡುಗೋಲು ಗುದ್ದಲಿ ಹಿಡಿದು ನೀವೂ ಬನ್ನಿ. ಬೀರುವಿನ ಬೀಗದ ಕೈ ಹುಡುಕುವ ಕೆಲಸವನ್ನೂ ಅಂದೇ ಮಾಡೋಣ.

ನಿಮ್ಮ ಗ್ರಾಮಸೇವಕ